ಬಿಪಿ ಇರೋರಿಗೆ ವರ್ಷಕ್ಕೊಂದ್ಸಲ ಯೂರಿನ್ ಟೆಸ್ಟ್ ಯಾಕೆ ಬರೀತಿಲ್ಲ?

ಮಾನ್ಯ ಸಂಪಾದಕರೇ, ನಮಸ್ಕಾರ.

ಡಯಾಲಿಸಿಸ್, ಅಂದ್ರೆ ಕಿಡ್ನಿ ಸೋತೋರ ರಕ್ತ ಮೆಷಿನಲ್ಲಿ ಸೋಸೋದು, ಅದರ ಬಗ್ಗೆ ಪೇಪರಲ್ಲಿ ಆಗಾಗ ಸುದ್ದಿ, ಪತ್ರ ಎಲ್ಲಾ ಬರ್ತಾನೇ ಇರತ್ತೆ. ಮೆಷಿನ್ ಸಾಲ್ತಿಲ್ಲ, ಪಾಳಿ ಸಿಗ್ತಿಲ್ಲ, ತಾಲೂಕು ಆಸ್ಪತ್ರೇಲಿ ಇನ್ನೂ ನಾಕು ಬೆಡ್ ಹಾಕ್ಸಿ ಅಂತ. ಬರ್ಲಿ, ಅದು ನ್ಯಾಯವಾದ ಬೇಡಿಕೆನೇ, ವಾರಕ್ಕೆ ಎರಡು ಮೂರು ಸಲ ನಾಲ್ಕು ನಾಲ್ಕು ಗಂಟೆ ಮೆಷಿನ್ ಪಕ್ಕ ಮಲಗೋ ಕಷ್ಟ ಮಲಗಿದೋರಿಗೇ ಗೊತ್ತು, ಜೊತೆಗೆ ಹೋಗೋರ ಕೂಲೀನೂ ಅವತ್ತು ಹೋಯ್ತು. ಆದ್ರೆ ಆ ಬೆಡ್ ಮೇಲೆ ಮಲಗಿರೋರಲ್ಲಿ ಎಷ್ಟೋ ಜನ ಹತ್ತು ಹದಿನೈದು ವರ್ಷದಿಂದ ಬಿಪಿ ಇದೆ ಅಂತ ಗೊತ್ತಿದ್ದೋರು, ಮಾತ್ರೆ ನುಂಗ್ತಿದ್ದೋರು. ಇಷ್ಟು ವರ್ಷದಲ್ಲಿ ಅವರ ಕಿಡ್ನಿ ಹೆಂಗಿದೆ ಅಂತ ಯಾರಾದ್ರೂ ಒಂದ್ಸಲ ನೋಡಿದ್ರಾ? ಇದನ್ನ ಕೇಳೋರೇ ಇಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಹಾಕಿ.

ನಾನು ಚಿಂತಾಮಣೀಲಿ ಒಂದು ಲ್ಯಾಬಲ್ಲಿ ಟೆಕ್ನಿಷಿಯನ್. ಕೈವಾರ, ಬಟ್ಲಹಳ್ಳಿ, ಕೆಂಚಾರ್ಲಹಳ್ಳಿ ಕಡೆಯಿಂದ, ಈ ಕಡೆ ಶಿಡ್ಲಘಟ್ಟದಿಂದ್ಲೂ ಜನ ಬರ್ತಾರೆ. ಡಾಕ್ಟರ್ ಚೀಟಿ ಮೊದಲು ನೋಡೋದು ನಾವೇ, ಹಂಗಾಗಿ ಯಾರಿಗೆ ಏನು ಟೆಸ್ಟ್ ಬರೀತಾರೆ ಏನು ಬರೆಯಲ್ಲ ಅನ್ನೋದು ಚೆನ್ನಾಗಿ ಗೊತ್ತಾಗತ್ತೆ. ಶುಗರ್ ಇರೋರ ಚೀಟೀಲಿ ಫಾಸ್ಟಿಂಗ್, ಊಟ ಆದ್ಮೇಲಿಂದು, ಮೂರು ತಿಂಗಳ ಶುಗರ್ ಸರಾಸರಿ ತೋರ್ಸೋ ಎಚ್‌ಬಿಎ1ಸಿ, ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಗೆ ಹಾಕೋ ಕಸ, ಕಿಡ್ನಿ ಸೋತ್ರೆ ರಕ್ತದಲ್ಲಿ ಏರತ್ತೆ) ಇರತ್ತೆ, ಈಚೀಚೆಗೆ ಕೆಲವರಿಗೆ ಮೂತ್ರದಲ್ಲಿ ಸ್ವಲ್ಪವೇ ಸೋರೋ ಪ್ರೋಟೀನ್ ಹಿಡಿಯೋ ಮೈಕ್ರೋ ಅಲ್ಬುಮಿನ್ನೂ ಬರೀತಾರೆ. ಶುಗರ್ ಇಲ್ದೆ ಬಿಪಿ ಮಾತ್ರ ಇರೋರ ಚೀಟಿ ನೋಡಿ, ಹೆಚ್ಚೆಂದ್ರೆ ಕೊಲೆಸ್ಟ್ರಾಲ್, ಒಂದು ಇಸಿಜಿ. ತುಂಬಾ ಜನರಿಗೆ ಚೀಟೀನೇ ಇರಲ್ಲ. ಮೆಡಿಕಲ್ ಸ್ಟೋರಲ್ಲಿ ಹಳೇ ಸ್ಟ್ರಿಪ್ ತೋರ್ಸಿ ಅದೇ ಮಾತ್ರೆ ತಗೊಂಡು ವರ್ಷಗಟ್ಲೆ ನಡೆಸ್ತಾರೆ, ಡಾಕ್ಟರ್ ಮುಖ ನೋಡಿರಲ್ಲ. ಇದು ನಮ್ಮ ತಾಲೂಕೊಂದರ ಕತೆ ಅಲ್ಲ ಅಂತ ಬೇರೆ ಕಡೆ ಕೆಲಸ ಮಾಡೋ ಸ್ನೇಹಿತ್ರೂ ಹೇಳ್ತಾರೆ.

ಬಿಪಿ ಅಂದ್ರೆ ಜನಕ್ಕೆ ಹಾರ್ಟ್ ನೆನಪಾಗತ್ತೆ, ಇಲ್ಲಾಂದ್ರೆ ಲಕ್ವ. ಕಿಡ್ನಿ ಯಾರಿಗೂ ನೆನಪಾಗಲ್ಲ. ಒಂದೊಂದು ಕಿಡ್ನೀಲೂ ಸುಮಾರು ಹತ್ತು ಲಕ್ಷ ನೆಫ್ರಾನ್ ಅನ್ನೋ ಸೋಸೋ ಘಟಕ ಇರತ್ತೆ, ಒಂದೊಂದ್ರಲ್ಲೂ ಕೂದ್ಲಿಗಿಂತ ಸಣ್ಣ ರಕ್ತನಾಳಗಳ ಒಂದು ಉಂಡೆ. ಎರಡೂ ಸೇರಿ ದಿನಕ್ಕೆ 180 ಲೀಟರ್‌ನಷ್ಟು ಸೋಸತ್ತೆ, ಅದರಲ್ಲಿ ಒಂದೂವರೆ ಎರಡು ಲೀಟರ್ ಬಿಟ್ಟು ಉಳಿದಿದ್ದೆಲ್ಲಾ ವಾಪಸ್ ರಕ್ತಕ್ಕೇ ಹೋಗತ್ತೆ. ಈ ಸಣ್ಣ ನಾಳಗಳ ಮೇಲೆ ಹಗಲೂ ರಾತ್ರಿ ಜಾಸ್ತಿ ಪ್ರೆಷರ್ ಬೀಳ್ತಾ ಇದ್ರೆ ಗೋಡೆ ದಪ್ಪ ಆಗತ್ತೆ, ಗಟ್ಟಿಯಾಗತ್ತೆ, ಕೆಲವು ಕಡೆ ಮುಚ್ಚೇ ಹೋಗತ್ತೆ, ಉಳಿದ ನೆಫ್ರಾನ್‌ಗಳ ಮೇಲೆ ಇನ್ನೂ ಹೊರೆ. ರಾಗಿ ಹಿಟ್ಟು ಜರಡಿ ಹಿಡಿಯೋವಾಗ ಬಲೆ ಒಂಚೂರು ಸಡಿಲ ಆದ್ರೆ ಹೊಟ್ಟೆಲ್ಲಾ ಕೆಳಗೆ ಬೀಳತ್ತಲ್ಲ, ಹಂಗೆ ಈ ಸೋಸೋ ಪೊರೆ ಕೆಟ್ಟಾಗ ರಕ್ತದಲ್ಲೇ ಇರ್ಬೇಕಾದ ಅಲ್ಬುಮಿನ್ ಅನ್ನೋ ಪ್ರೋಟೀನ್ ಮೂತ್ರಕ್ಕೆ ಇಳಿಯೋಕೆ ಶುರುವಾಗತ್ತೆ. ಮೊದಮೊದಲು ಮಿಲಿಗ್ರಾಂ ಲೆಕ್ಕದಲ್ಲಿ. ನೋವಿಲ್ಲ, ಉರಿ ಇಲ್ಲ, ಬಣ್ಣ ಬದಲಾಗಲ್ಲ, ಏನೂ ಗೊತ್ತಾಗಲ್ಲ. ಕಾಲು ಊತ, ಮುಖ ಊತ, ನೊರೆ ನೊರೆ ಮೂತ್ರ, ಊಟ ಸೇರದೇ ಇರೋದು ಇವೆಲ್ಲಾ ಸಾಮಾನ್ಯವಾಗಿ ತುಂಬಾ ಮುಂದೆ ಹೋದ್ಮೇಲೆ ಬರೋವು.

ಇಲ್ಲೇ ನಾನು ಹೇಳ್ಬೇಕಾಗಿರೋ ಮುಖ್ಯ ವಿಷಯ ಇರೋದು. ಈ ಮಿಲಿಗ್ರಾಂ ಲೆಕ್ಕದ ಸೋರಿಕೆ ಹಿಡಿಯೋಕೆ ಒಂದು ಟೆಸ್ಟ್ ಇದೆ, ಅದೇನು ದೊಡ್ಡ ಮೆಷಿನ್ನಿನ ಟೆಸ್ಟ್ ಅಲ್ಲ, ಒಂದು ಡಬ್ಬಿ ಮೂತ್ರ ಸಾಕು. ಯೂರಿನ್ ಅಲ್ಬುಮಿನ್ ಕ್ರಿಯಾಟಿನಿನ್ ರೇಷಿಯೋ, ಚಿಕ್ಕದಾಗಿ ಎಸಿಆರ್ ಅಂತಾರೆ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಎಷ್ಟು ಮಿಲಿಗ್ರಾಂ ಅಲ್ಬುಮಿನ್ ಇದೆ ಅಂತ ಲೆಕ್ಕ. 30ಕ್ಕಿಂತ ಕಮ್ಮಿ ಇದ್ರೆ ಸರಿ, 30ರಿಂದ 300 ಇದ್ರೆ ಸೋರಿಕೆ ಶುರುವಾಗಿದೆ ಅಂತ, 300 ದಾಟಿದ್ರೆ ಜಾಸ್ತಿನೇ ಆಗಿದೆ ಅಂತ. ಒಂದೇ ಸಲ ಜಾಸ್ತಿ ಬಂತು ಅಂತ ಗಾಬರಿ ಆಗೋದು ಬೇಡ, ಜ್ವರ ಇದ್ದಾಗ, ಉರಿಮೂತ್ರ ಇದ್ದಾಗ, ಮುಟ್ಟಿನ ದಿನಗಳಲ್ಲಿ, ಭಾರಿ ಮೈಮುರಿದು ಕೆಲಸ ಮಾಡಿದ ಮೇಲೆ ಸುಮ್ನೆ ಏರತ್ತೆ. ಅದಕ್ಕೇ ಮತ್ತೆ ಮಾಡಿಸಿ ನೋಡೋದು. ಮೂರು ತಿಂಗಳು ದಾಟಿದ್ರೂ ಜಾಸ್ತಿನೇ ಉಳಿದಿದ್ರೆ ಆವಾಗ ಕಿಡ್ನಿಗೆ ತೊಂದ್ರೆ ಇದೆ ಅಂತ ಡಾಕ್ಟ್ರು ತೀರ್ಮಾನ ಮಾಡ್ತಾರೆ.

"ಯೂರಿನ್ ಟೆಸ್ಟ್ ಮಾಡ್ಸಿದೀನಿ, ಅಲ್ಬುಮಿನ್ ನಿಲ್ ಅಂತ ಬಂದಿದೆ" ಅಂತ ಹಳೇ ರಿಪೋರ್ಟ್ ತಂದು ತೋರಿಸೋರು ಇದಾರೆ. ಅದು ಯೂರಿನ್ ರೊಟೀನ್, ಕಡ್ಡಿ ಅದ್ದಿ ಬಣ್ಣ ನೋಡೋ ಟೆಸ್ಟ್. ಒಳ್ಳೇ ಟೆಸ್ಟೇ, ಬೇಡ ಅನ್ನಲ್ಲ, ಆದ್ರೆ ಆ ಕಡ್ಡಿ ಬಣ್ಣ ತಿರುಗೋ ಹೊತ್ತಿಗೆ ಸೋರಿಕೆ ಸಾಕಷ್ಟು ಆಗಿರತ್ತೆ, ಮೊದಲ ಹಂತದ್ದು ಅದರ ಕಣ್ಣಿಗೆ ಬೀಳೋದು ಕಷ್ಟ. ನೀರು ಜಾಸ್ತಿ ಕುಡ್ಕೊಂಡು ಬಂದಿದ್ರಂತೂ ಇನ್ನೂ ತೆಳ್ಳಗಾಗಿ ನಿಲ್ ಅಂತಾನೇ ತೋರ್ಸತ್ತೆ. ಎಸಿಆರ್‌ನಲ್ಲಿ ಕ್ರಿಯಾಟಿನಿನ್ ಜೊತೆ ತಾಳೆ ಹಾಕೋದ್ರಿಂದ ಈ ನೀರಿನ ತೊಂದ್ರೆ ಬಹಳ ಮಟ್ಟಿಗೆ ತಪ್ಪತ್ತೆ. ಮೂತ್ರದ ಪ್ರೋಟೀನ್‌ಗೂ ಕಿಡ್ನಿಗೂ ಸಂಬಂಧ ಇದೆ ಅನ್ನೋದು ಹೊಸ ವಿಷಯನೂ ಅಲ್ಲ. ಲಂಡನ್ನಿನ ಗೈಸ್ ಆಸ್ಪತ್ರೇಲಿ ರಿಚರ್ಡ್ ಬ್ರೈಟ್ ಅನ್ನೋ ವೈದ್ಯರು 1827ರಲ್ಲೇ ಇದನ್ನ ಬರೆದಿಟ್ಟಿದಾರೆ, ಆಗ ಚಮಚದಲ್ಲಿ ಮೂತ್ರ ಹಾಕಿ ಮೋಂಬತ್ತಿ ಮೇಲೆ ಕಾಯಿಸಿ ಗರಣೆ ಕಟ್ಟತ್ತಾ ಅಂತ ನೋಡ್ತಿದ್ರು. ನಾವು ಓದೋವಾಗ್ಲೂ ಟೆಸ್ಟ್‌ಟ್ಯೂಬ್ ಕಾಯಿಸಿ ಅಸಿಟಿಕ್ ಆಸಿಡ್ ಹನಿ ಹಾಕೋ ವಿಧಾನ ಕಲಿಸಿದ್ರು. ಇನ್ನೂರು ವರ್ಷ ಹಳೇ ತಿಳುವಳಿಕೆ ಇದು, ಇವತ್ತು ಎಷ್ಟೋ ಸೂಕ್ಷ್ಮವಾಗಿ ಅಳೆಯೋಕೆ ಆಗತ್ತೆ, ಆದ್ರೂ ಬಿಪಿ ಇರೋ ರೈತನಿಗೆ ತಲುಪಿಲ್ಲ ಅಂದ್ರೆ ಹೊಟ್ಟೆ ಉರಿಯತ್ತೆ.

ಎರಡನೇದು ರಕ್ತದ ಕ್ರಿಯಾಟಿನಿನ್. ಇದನ್ನ ಮಾಡ್ಸೋರು ಪರವಾಗಿಲ್ಲ ಇದಾರೆ, ಆದ್ರೆ ಓದೋ ರೀತೀಲೇ ಎಡವಟ್ಟಾಗ್ತಿದೆ. ರಿಪೋರ್ಟಲ್ಲಿ ಪಕ್ಕದಲ್ಲಿ ನಾರ್ಮಲ್ 0.6ರಿಂದ 1.2 ಅಂತಲೋ 1.3 ಅಂತಲೋ ಇರತ್ತೆ, ಅದರೊಳಗೆ ಬಂದ್ರೆ ಸ್ಟಾರ್ ಗುರುತು ಬೀಳಲ್ಲ, ದಪ್ಪ ಅಕ್ಷರ ಬರಲ್ಲ, ಎಲ್ರೂ ನಾರ್ಮಲ್ ಅಂದ್ಕೊಂಡು ಮನೆಗೆ ಹೋಗ್ತಾರೆ. 1.2 ಅನ್ನೋ ಒಂದೇ ನಂಬರ್ ತಗೊಳ್ಳಿ. 25 ವರ್ಷದ ಹುಡುಗನಿಗೆ 1.2 ಬಂದ್ರೆ ವಯಸ್ಸು, ಹೆಣ್ಣೋ ಗಂಡೋ ಅನ್ನೋದನ್ನೂ ಸೇರಿಸಿ ಲೆಕ್ಕ ಹಾಕೋ 2021ರ ಸಿಕೆಡಿ-ಎಪಿ ಸೂತ್ರದ ಪ್ರಕಾರ ಕಿಡ್ನಿ ಸೋಸೋ ವೇಗ, ಅದನ್ನ ಇಜಿಎಫ್‌ಆರ್ ಅಂತಾರೆ, ನಿಮಿಷಕ್ಕೆ ಹತ್ರ ಹತ್ರ 86 ಮಿಲಿಲೀಟರ್ ಬರತ್ತೆ. ಅದೇ 1.2 ಒಬ್ಬ 60 ವರ್ಷದ ಹೆಂಗಸಿಗೆ ಬಂದ್ರೆ ಬರೋದು 52. ಈ ಇಜಿಎಫ್‌ಆರ್ ಮೂರು ತಿಂಗಳು ಮೇಲ್ಪಟ್ಟು 60ಕ್ಕಿಂತ ಕೆಳಗಿದ್ರೆ ಅದು ಕಿಡ್ನಿ ಕಾಯಿಲೆ, ಕಮ್ಮಿ ಅಂದ್ರೂ ಮೂರನೇ ಹಂತ. ಅಂದ್ರೆ ಆ ಅಮ್ಮನ ರಿಪೋರ್ಟಲ್ಲಿ ಒಂದು ಸ್ಟಾರ್ ಕೂಡ ಇಲ್ದೇನೇ ಮೂರನೇ ಹಂತಕ್ಕೆ ಹೋಗಿರ್ಬಹುದು. ಸೋಸೋ ಶಕ್ತಿ ಅರ್ಧಕ್ಕರ್ಧ ಹೋಗೋ ತನಕ ಎಷ್ಟೋ ಜನರಲ್ಲಿ ಕ್ರಿಯಾಟಿನಿನ್ ನಾರ್ಮಲ್ ಗೆರೆ ದಾಟೋದೇ ಇಲ್ಲ. ಅದರಲ್ಲೂ ನಮ್ಮ ಕಡೆ ವಯಸ್ಸಾದ ಹೆಂಗಸರು ಒಣಗಿ ಕಡ್ಡಿ ಹಂಗೆ ಇರ್ತಾರೆ, ಮೈಯಲ್ಲಿ ಮಾಂಸಖಂಡ ಕಮ್ಮಿ, ಕ್ರಿಯಾಟಿನಿನ್ ಹುಟ್ಟೋದೇ ಮಾಂಸಖಂಡದಿಂದ, ಹಂಗಾಗಿ ಅವರ ನಂಬರ್ ಇನ್ನೂ ಕಮ್ಮಿ ತೋರ್ಸಿ ಎಲ್ರನ್ನೂ ಸಮಾಧಾನ ಪಡ್ಸತ್ತೆ.

ಇದಕ್ಕೆ ಪರಿಹಾರ ಖರ್ಚಿಲ್ದೇ ಇರೋದು. ವಯಸ್ಸು, ಹೆಣ್ಣೋ ಗಂಡೋ ಅನ್ನೋದು ಲ್ಯಾಬ್ ರಿಜಿಸ್ಟರಲ್ಲಿ ಹೆಂಗೂ ಬರೆದಿರ್ತೀವಿ, ಸಾಫ್ಟ್‌ವೇರಲ್ಲಿ ಸೂತ್ರ ಒಂದ್ಸಲ ಹಾಕಿದ್ರೆ ಪ್ರತೀ ಕ್ರಿಯಾಟಿನಿನ್ ರಿಪೋರ್ಟ್ ಕೆಳಗೆ ಇಜಿಎಫ್‌ಆರ್ ತಾನಾಗೇ ಪ್ರಿಂಟ್ ಆಗತ್ತೆ. ಬೆಂಗಳೂರಿನ ದೊಡ್ಡ ಲ್ಯಾಬುಗಳಲ್ಲಿ ಹಂಗೇ ಬರತ್ತೆ. ನಮ್ಮ ಜಿಲ್ಲೇಲಿ ಸರ್ಕಾರಿ ಇರ್ಲಿ ಖಾಸಗಿ ಇರ್ಲಿ ಎಲ್ಲಾ ಲ್ಯಾಬಿನೋರೂ ಹಂಗೆ ಮಾಡ್ಬೇಕು ಅಂತ ನನ್ನ ಜೊತೆ ಕೆಲಸಗಾರರಿಗೆ ಈ ಪತ್ರದ ಮೂಲಕ ಕೈ ಮುಗಿದು ಕೇಳ್ಕೋತೀನಿ, ಸಾಫ್ಟ್‌ವೇರ್ ಇಲ್ದೇ ಇದ್ರೆ ಮೊಬೈಲಲ್ಲಿ ಕ್ಯಾಲ್ಕ್ಯುಲೇಟರ್ ಇದೆ, ಪೆನ್ನಲ್ಲಿ ಬರೆದು ಕೊಟ್ರೂ ಆಯ್ತು. ಓದುಗರಿಗೆ ಒಂದು ಸಣ್ಣ ವಿಷಯ, ಹಿಂದಿನ ದಿನ ಬಾಡೂಟ ಗಡದ್ದಾಗಿ ತಿಂದು ಬೆಳಗ್ಗೆ ಬಂದು ರಕ್ತ ಕೊಟ್ರೆ ಕ್ರಿಯಾಟಿನಿನ್ ಸ್ವಲ್ಪ ಏರಿರತ್ತೆ, ಬೇಯಿಸಿದ ಮಾಂಸದಿಂದ್ಲೂ ಅದು ಬರತ್ತೆ, ಹಂಗಾಗಿ ಹಬ್ಬ, ಊರ ಜಾತ್ರೆ ಮುಗಿದ ಮಾರನೇ ದಿನ ಈ ಟೆಸ್ಟ್ ಬೇಡ.

ಇನ್ನೊಂದು ತಪ್ಪು ನಂಬಿಕೆ ಅಂದ್ರೆ ಸ್ಕ್ಯಾನಿಂಗ್. ನಮ್ಮ ಕಡೆ ಕಿಡ್ನಿ ತೊಂದ್ರೆ ಅಂದ ತಕ್ಷಣ ಕಲ್ಲು ಅಂತಾನೇ ಅರ್ಥ. ಹೊಟ್ಟೆ ಸ್ಕ್ಯಾನ್ ಮಾಡ್ಸಿ ಕಲ್ಲಿಲ್ಲ ಅಂದ್ರೆ ಕಿಡ್ನಿ ಕಲ್ಲುಗುಂಡಿನಂಗಿದೆ ಅಂತ ನಿರಾಳ ಆಗ್ತಾರೆ, ಕಲ್ಲಿದ್ರೆ ಬಾಳೆದಿಂಡಿನ ರಸ ಶುರು. ಬಿಪಿಯಿಂದ ಆಗೋ ಹಾನಿ ಮೊದಮೊದಲು ಸ್ಕ್ಯಾನಲ್ಲಿ ಕಾಣಲ್ಲ, ಗಾತ್ರ, ಆಕಾರ ಎಲ್ಲಾ ಸರಿಯಾಗೇ ಇರತ್ತೆ. ಕಿಡ್ನಿ ಸಣ್ಣದಾಗಿದೆ, ಕುಗ್ಗಿದೆ ಅಂತ ಸ್ಕ್ಯಾನ್ ರಿಪೋರ್ಟಲ್ಲಿ ಬರೋ ಹೊತ್ತಿಗೆ ಕೈ ಮೀರಿರತ್ತೆ. ಸಾವಿರಾರು ರೂಪಾಯಿ ಕೊಟ್ಟು ಸ್ಕ್ಯಾನ್ ಮಾಡ್ಸೋಕೆ ತಯಾರಿರೋರು ಕೆಲವು ನೂರು ರೂಪಾಯಿ ಯೂರಿನ್ ಟೆಸ್ಟ್ ಬೇಡ ಅಂತಾರೆ, ಯಾಕಂದ್ರೆ ಅವರಿಗೆ ಯಾರೂ ಹೇಳಿಲ್ಲ.

ನೀರಿನ ವಿಷಯನೂ ಹೇಳ್ಬೇಕು. ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೇಲಿ ಬೋರ್‌ವೆಲ್ ಸಾವಿರ ಅಡಿ ದಾಟಿದೆ, ಫ್ಲೋರೈಡ್ ಜಾಸ್ತಿ, ಬಾಗೇಪಲ್ಲಿ ಕಡೆ ಮಕ್ಕಳ ಹಲ್ಲು ನೋಡಿದ್ರೆ ಗೊತ್ತಾಗತ್ತೆ. ಹಂಗಾಗಿ ಯಾರಿಗೆ ಕಿಡ್ನಿ ಕೆಟ್ರೂ "ಎಲ್ಲಾ ನೀರಿಂದ" ಅಂತ ಒಂದೇ ಮಾತು. ಕುಡಿಯೋ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಿ ಫ್ಲೋರೈಡ್ ಇರ್ಬಾರ್ದು, ಒಳ್ಳೇ ನೀರು ಕೇಳೋದು ನಮ್ಮ ಹಕ್ಕು, ಅದಕ್ಕೆ ಹೋರಾಡ್ತಿರೋರ ಜೊತೆ ನಾನೂ ಇದೀನಿ. ಆದ್ರೆ ಎಲ್ಲಾನೂ ನೀರಿನ ತಲೆ ಮೇಲೆ ಹಾಕಿಬಿಟ್ರೆ ಬಿಪಿ 170 ಇರೋ ಮನುಷ್ಯ ಆರ್‌ಒ ನೀರಿನ ಕ್ಯಾನ್ ತಂದಿಟ್ಕೊಂಡು ಇನ್ನೇನೂ ಭಯ ಇಲ್ಲ ಅಂತ ಮಾತ್ರೆ ಬಿಡ್ತಾನೆ. ಇನ್ನೊಂದು ತಿಳ್ಕೊಳ್ಳಿ, ಮೈಗೆ ಸೇರಿದ ಫ್ಲೋರೈಡ್ ಹೊರಗೆ ಹಾಕೋದೂ ಕಿಡ್ನಿನೇ, ಅದು ಸೋತ್ರೆ ಫ್ಲೋರೈಡ್ ಮೈಯಲ್ಲೇ ಉಳ್ಕೊಳ್ಳೋದು ಜಾಸ್ತಿ ಆಗತ್ತೆ. ಅಂದ್ರೆ ನಮ್ಮ ಊರಿನೋರು ಕಿಡ್ನಿ ಬಗ್ಗೆ ಬೇರೆ ಕಡೆಯೋರಿಗಿಂತ ಒಂದು ಕೈ ಹೆಚ್ಚೇ ಹುಷಾರಾಗಿರ್ಬೇಕು.

ಬೇಗ ಕಂಡು ಹಿಡಿದ್ರೆ ಏನು ಸಿಕ್ಕತ್ತೆ ಅಂತ ಕೇಳ್ತಾರೆ. ಎಷ್ಟೋ ವರ್ಷ ಸಿಕ್ಕತ್ತೆ, ಎಷ್ಟೋ ಜನಕ್ಕೆ ಡಯಾಲಿಸಿಸ್ ತನಕ ಹೋಗೋದೇ ತಪ್ಪತ್ತೆ. ಬಿಪಿ ಮಾತ್ರೆ ಎಲ್ಲಾ ಒಂದೇ ಅಲ್ಲ. ಎನಲಾಪ್ರಿಲ್, ರಾಮಿಪ್ರಿಲ್ ಒಂದು ಗುಂಪು, ಲೋಸಾರ್ಟಾನ್, ಟೆಲ್ಮಿಸಾರ್ಟಾನ್ ಇನ್ನೊಂದು ಗುಂಪು, ಇವು ಬಿಪಿ ಇಳಿಸೋದರ ಜೊತೆಗೆ ಕಿಡ್ನಿ ಒಳಗಿನ ಪ್ರೆಷರ್ ಕೂಡ ಇಳಿಸಿ ಅಲ್ಬುಮಿನ್ ಸೋರೋದನ್ನ ಕಮ್ಮಿ ಮಾಡ್ತಾವೆ. ಆಮ್ಲೋಡಿಪಿನ್ ಒಳ್ಳೇ ಮಾತ್ರೆ, ಬಿಪಿ ಚೆನ್ನಾಗಿ ಇಳಿಸತ್ತೆ, ಆದ್ರೆ ಸೋರಿಕೆ ತಡೆಯೋ ಕೆಲಸ ಈ ಗುಂಪಿನಷ್ಟು ಅದಕ್ಕಿಲ್ಲ. ಸೋರಿಕೆ ಇದೆ ಅಂತ ಗೊತ್ತಾದ್ರೆ ತಾನೇ ಡಾಕ್ಟ್ರು ಯಾವ ಮಾತ್ರೆ ಕೊಡ್ಬೇಕು ಅಂತ ಯೋಚ್ನೆ ಮಾಡೋದು? ಇದರ ಮೇಲೆ ಡಾಪಾಗ್ಲಿಫ್ಲೋಜಿನ್ ಅಂತ ಶುಗರಿನ ಮಾತ್ರೆ ಇದೆಯಲ್ಲ, ಅದು ಶುಗರ್ ಇಲ್ದೇ ಇರೋ ಕಿಡ್ನಿ ಪೇಶೆಂಟಿಗೂ ಕಿಡ್ನಿ ಕೆಡೋ ವೇಗ ತಗ್ಗಿಸತ್ತೆ ಅಂತ 2020ರಲ್ಲಿ ಡಾಪಾ-ಸಿಕೆಡಿ ಅನ್ನೋ ದೊಡ್ಡ ಅಧ್ಯಯನದಲ್ಲಿ ಗೊತ್ತಾಯ್ತು. ಅದೇ ವರ್ಷ ನಮ್ಮ ದೇಶದಲ್ಲಿ ಅದರ ಪೇಟೆಂಟ್ ಮುಗಿದು ಬೇರೆ ಬೇರೆ ಕಂಪನಿ ಮಾತ್ರೆ ಬಂದು ರೇಟು ಬಿದ್ದಿದೆ. ಬಡವರಿಗೂ ಕೈಗೆಟುಕೋ ಹಂಗಾಗಿದೆ, ಆದ್ರೆ ಸೋರಿಕೆ ಇರೋದೇ ಗೊತ್ತಿಲ್ದಿದ್ರೆ ಯಾರಿಗೆ ಕೊಡೋದು?

ಈ ಮಾತ್ರೆ ಹೆಸರುಗಳನ್ನ ಓದಿ ಯಾರೂ ನೇರ ಮೆಡಿಕಲ್ ಸ್ಟೋರಿಗೆ ಹೋಗ್ಬೇಡಿ. ಟೆಲ್ಮಿಸಾರ್ಟಾನ್ ಗುಂಪಿನ ಮಾತ್ರೆ ಶುರು ಮಾಡಿದ ಎರಡರಿಂದ ನಾಲ್ಕು ವಾರದಲ್ಲಿ ಕ್ರಿಯಾಟಿನಿನ್ನು, ಪೊಟ್ಯಾಶಿಯಂ ಎರಡೂ ನೋಡ್ಲೇಬೇಕು, ಬಸುರಿ ಹೆಂಗಸರಿಗೆ ಕೊಡೋ ಹಂಗೇ ಇಲ್ಲ. ಕ್ರಿಯಾಟಿನಿನ್ ಶುರುನಲ್ಲಿ ಒಂಚೂರು ಏರಬಹುದು, ಶೇಕಡಾ 30ರ ತನಕ ಏರಿದ್ರೆ ಸಾಮಾನ್ಯವಾಗಿ ಮುಂದುವರಿಸ್ತಾರೆ. ಆ ಏರಿಕೆ ನೋಡಿ ಪಕ್ಕದ ಮನೆಯೋರು "ಮಾತ್ರೆಯಿಂದ ಕಿಡ್ನಿ ಹೋಗ್ತಿದೆ" ಅಂದ್ರು ಅಂತ ನಿಲ್ಸಿಬಿಡೋರು ಇದಾರೆ, ಅದು ದೊಡ್ಡ ಅನ್ಯಾಯ. ಬಿಪಿ ಮಾತ್ರೆ ತಗೊಂಡ್ರೆ ಕಿಡ್ನಿ ಕೆಡತ್ತೆ ಅನ್ನೋ ಮಾತು ಹಳ್ಳಿ ಹಳ್ಳೀಲೂ ಇದೆ. ಕಿಡ್ನಿ ಕೆಡ್ಸೋದು ಮಾತ್ರೆ ಬಿಟ್ಟಾಗ ಏರೋ ಬಿಪಿ.

ನಿಜವಾಗ್ಲೂ ಕಿಡ್ನಿ ಕೆಡ್ಸೋ ಮಾತ್ರೆ ಬೇರೆ ಇದೆ, ಅದನ್ನ ಯಾರೂ ಅನುಮಾನದಿಂದ ನೋಡಲ್ಲ. ಮೈಕೈ ನೋವಿಗೆ, ಮಂಡಿ ನೋವಿಗೆ ಚೀಟಿ ಇಲ್ದೆ ಕೊಡೋ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆಗಳು. ಟೊಮೇಟೊ ಬಾಕ್ಸ್ ಹೊರೋರು, ಸೊಪ್ಪು ಕೊಯ್ಯೋರು, ರೇಷ್ಮೆ ನೂಲು ತೆಗೆಯೋ ರೀಲಿಂಗ್ ಕಡೆ ದಿನವಿಡೀ ಬಿಸಿನೀರಿನ ಹಬೆ ಮುಂದೆ ನಿಲ್ಲೋ ಹೆಂಗಸರು ಇವರಿಗೆ ಸಂಜೆಗೊಂದು ಮಾತ್ರೆ ನುಂಗದೇ ಇದ್ರೆ ಮಾರನೇ ದಿನ ಏಳೋಕಾಗಲ್ಲ, ಅವರನ್ನ ಬೈಯ್ಯೋಕೆ ನಂಗೆ ಮನಸ್ಸು ಬರಲ್ಲ, ಕೂಲಿ ಬಿಡೋ ಹಂಗಿಲ್ಲ. ಆದ್ರೆ ಈ ಮಾತ್ರೆಗಳು ಕಿಡ್ನಿಗೆ ಹೋಗೋ ರಕ್ತನೇ ಕಮ್ಮಿ ಮಾಡ್ತಾವೆ, ಬಿಪಿನೂ ಏರಿಸ್ತಾವೆ. ಟೆಲ್ಮಿಸಾರ್ಟಾನ್ ಥರದ್ದು ಒಂದು, ನೀರು ಹೋಗೋ ಮಾತ್ರೆ ಒಂದು, ಅದರ ಮೇಲೆ ಇದೂ ಸೇರಿದ್ರೆ ಮೂರೂ ಕೂಡಿ ಕಿಡ್ನಿ ಒಂದೇ ವಾರದಲ್ಲಿ ಕೈ ಕೊಡಬಹುದು, ಅದರಲ್ಲೂ ವಾಂತಿ ಭೇದಿ ಆಗಿದ್ದಾಗ, ಬಿಸಿಲಲ್ಲಿ ಬೆವರು ಹರಿಸಿ ನೀರು ಕುಡಿಯದೇ ಇದ್ದಾಗ. ಬಿಪಿ ಇದೆ ಅಂತ ಮೆಡಿಕಲ್ ಸ್ಟೋರ್ ಅಣ್ಣನಿಗೆ ಬಾಯ್ಬಿಟ್ಟು ಹೇಳಿ, ಪ್ಯಾರಾಸಿಟಮಾಲಲ್ಲಿ ಆಗತ್ತಾ ಅಂತ ಮೊದಲು ಕೇಳಿ. ಸಂತೇಲಿ ಪೊಟ್ಟಣ ಕಟ್ಟಿ ಕೊಡೋ ಹೆಸರಿಲ್ಲದ ಪುಡಿಗಳಿಂದಂತೂ ದೂರ ಇರಿ, ಕೆಲವದರಲ್ಲಿ ಪಾದರಸ, ಸೀಸ ಸಿಕ್ಕಿರೋದು ಉಂಟು.

ಉಪ್ಪಿನ ಬಗ್ಗೆ ಎಲ್ರಿಗೂ ಗೊತ್ತು, ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ, ಅಂದ್ರೆ ಎಲ್ಲಾ ಸೇರಿ ಒಂದು ಟೀ ಚಮಚದಷ್ಟು. ಮುದ್ದೆ ಜೊತೆ ಉಪ್ಪುಸಾರು, ಪಕ್ಕದಲ್ಲಿ ಉಪ್ಪಿನಕಾಯಿ, ಸಂಡಿಗೆ ಇದ್ರೆ ಅದು ಒಂದೇ ಹೊತ್ತಿಗೆ ಮುಗಿಯತ್ತೆ. ಆದ್ರೆ ಈಗ ಅಂಗಡೀಲಿ ಬಿಪಿ ಇರೋರಿಗೆ ಅಂತ ಲೋ ಸೋಡಿಯಂ ಉಪ್ಪು ಬರ್ತಿದೆ, ಅದರಲ್ಲಿ ಸೋಡಿಯಂ ಬದಲು ಪೊಟ್ಯಾಶಿಯಂ ಹಾಕಿರ್ತಾರೆ. ಕಿಡ್ನಿ ಚೆನ್ನಾಗಿರೋರಿಗೆ ಒಳ್ಳೇದೇ. ಕಿಡ್ನಿ ಸೋತಿರೋರಿಗೆ ಪೊಟ್ಯಾಶಿಯಂ ಹೊರಗೆ ಹೋಗಲ್ಲ, ಏರಿದ್ರೆ ಹಾರ್ಟೇ ನಿಲ್ಲಬಹುದು. ಕಿಡ್ನಿ ಟೆಸ್ಟ್ ಮಾಡಿಸದೇ ಆ ಪ್ಯಾಕೆಟ್ ಮನೆಗೆ ತರ್ಬೇಡಿ ಅಂತ ಇಷ್ಟೇ ನನ್ನ ಮಾತು.

ಸಣ್ಣ ವಯಸ್ಸಿನೋರ ಬಗ್ಗೆನೂ ಒಂದು ಮಾತು. ಇಪ್ಪತ್ತೈದು ಮೂವತ್ತು ವರ್ಷದ ಹುಡುಗರಿಗೆ ಬಿಪಿ 160 ಬಂದ್ರೆ ಟೆನ್ಷನ್ ಅಂತ ಹೇಳಿ ಕಳಿಸ್ಬಾರ್ದು. ಬಿಪಿಯಿಂದ ಕಿಡ್ನಿ ಕೆಡೋ ಹಂಗೇನೇ ಕಿಡ್ನಿ ಕೆಟ್ಟು ಬಿಪಿ ಏರೋದೂ ಇದೆ, ಸಣ್ಣ ವಯಸ್ಸಲ್ಲಿ ಇದನ್ನ ಮೊದಲು ನೋಡ್ಬೇಕು. ಮದುವೆ ಆಗಿ ಒಂದು ಮಗು ಇರೋ ವಯಸ್ಸಿನ ಹುಡುಗ ಫ್ಯಾಕ್ಟರಿ ಕೆಲಸಕ್ಕೆ ಮೆಡಿಕಲ್ ಟೆಸ್ಟಿಗೆ ಅಂತ ಬಂದು ಕ್ರಿಯಾಟಿನಿನ್ 7, 8 ಬಂದಿರೋ ರಿಪೋರ್ಟನ್ನ ಅವನ ಕೈಗೆ ಕೊಡೋವಾಗ ನಮ್ಮ ಕೈ ನಡುಗತ್ತೆ. ಏನೂ ಹೇಳೋ ಅಧಿಕಾರ ನಮಗಿಲ್ಲ, ಬೇಗ ಡಾಕ್ಟರ್ ಹತ್ರ ಹೋಗಪ್ಪ ಅನ್ನೋದಷ್ಟೇ.

ಇನ್ನು ಸರ್ಕಾರಕ್ಕೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ ಶೇಕಡಾ 24, ಹೆಂಗಸರಲ್ಲಿ ಶೇಕಡಾ 21ರಷ್ಟು ಜನಕ್ಕೆ ಬಿಪಿ ಜಾಸ್ತಿ ಇದೆ ಅಥವಾ ಅದಕ್ಕೆ ಮಾತ್ರೆ ತಗೋತಿದಾರೆ. ಪ್ರತೀ ನಾಲ್ಕೈದು ಜನರಲ್ಲಿ ಒಬ್ರು ಅಂತಾಯ್ತು. ಇವರನ್ನ ಹುಡುಕೋ ಕೆಲಸ ಈಗ ನಡೀತಿದೆ, ಅದಕ್ಕೆ ಮೆಚ್ಚುಗೆ ಹೇಳ್ಲೇಬೇಕು. 2024ರಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೇಲಿ ಮನೆ ಬಾಗಿಲಿಗೇ ಬಂದು 30 ವರ್ಷ ಮೇಲ್ಪಟ್ಟೋರಿಗೆ ಬಿಪಿ, ಶುಗರ್ ನೋಡ್ತಾರೆ, ಮಾತ್ರೆನೂ ಕೊಡ್ತಾರೆ. ಆಶಾ ಅಕ್ಕಂದಿರು ಬಿಸಿಲಲ್ಲಿ ಮನೆ ಮನೆ ಅಲೆದು ಮಾಡೋ ಈ ಕೆಲಸ ಸಣ್ಣದಲ್ಲ. ಮನೆ ತನಕ ಬಂದ ಮೇಲೆ ಬಿಪಿ ಇರೋರಿಗೆ ಒಂದು ಡಬ್ಬಿ ಕೊಟ್ಟು ಮೂತ್ರದ ಸ್ಯಾಂಪಲ್ ತಗೊಂಡು ತಾಲೂಕು ಆಸ್ಪತ್ರೆ ಲ್ಯಾಬಿಗೆ ಕಳಿಸೋದು ಯಾಕಾಗ್ಬಾರ್ದು? ವರ್ಷಕ್ಕೆ ಒಂದೇ ಸಲ. ಕೊಡೋ ಬಿಪಿ ಕಾರ್ಡಲ್ಲಿ ಬಿಪಿ ಕಾಲಂ ಪಕ್ಕ ಎಸಿಆರ್, ಇಜಿಎಫ್‌ಆರ್ ಅಂತ ಎರಡು ಕಾಲಂ ಜಾಸ್ತಿ ಹಾಕಿ, ಖಾಲಿ ಕಾಲಂ ಕಣ್ಣಿಗೆ ಬಿದ್ರೆ ಡಾಕ್ಟ್ರಿಗೂ ಕೇಳ್ಬೇಕು ಅನ್ಸತ್ತೆ, ಪೇಶೆಂಟಿಗೂ ಅನ್ಸತ್ತೆ. ಎಸಿಆರ್ ಎಲ್ಲಾ ಕಡೆ ಕೊಡೋಕೆ ಇವತ್ತೇ ಆಗಲ್ಲ ಅಂದ್ರೆ ಕಡ್ಡಿ ಟೆಸ್ಟಾದ್ರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ಇರೋ ಎಲ್ರಿಗೂ ಆಗ್ಲಿ, ಅದು ಎಲ್ಲಾ ಹಿಡಿಯಲ್ಲ ಅಂತ ಮೇಲೆ ಹೇಳಿದೀನಿ, ಆದ್ರೂ ಏನೂ ಮಾಡದೇ ಇರೋದಕ್ಕಿಂತ ಎಷ್ಟೋ ವಾಸಿ.

ಇದು ನನ್ನೊಬ್ಬನ ತಲೇಲಿ ಹುಟ್ಟಿದ ಬೇಡಿಕೆ ಅಲ್ಲ. ಕಿಡ್ನಿ ವೈದ್ಯರ ಅಂತರರಾಷ್ಟ್ರೀಯ ಮಾರ್ಗಸೂಚಿ ಕೆಡಿಐಜಿಒ 2024ರಲ್ಲಿ ಅಪಾಯ ಇರೋರಿಗೆ ಮೂತ್ರ, ರಕ್ತ ಎರಡೂ ಟೆಸ್ಟ್ ಮಾಡಿ ಅಂತಿದೆ. ಅಮೆರಿಕದ ಹೃದ್ರೋಗ ತಜ್ಞರ ಬಿಪಿ ಮಾರ್ಗಸೂಚೀಲಿ 2017ರಲ್ಲಿ ಈ ಎಸಿಆರ್ ಬೇಕಿದ್ರೆ ಮಾಡ್ಸಿ ಅನ್ನೋ ಪಟ್ಟೀಲಿತ್ತು, 2025ರ ಹೊಸದ್ರಲ್ಲಿ ಬಿಪಿ ಇರೋ ಎಲ್ರಿಗೂ ಮಾಡ್ಸಿ ಅಂತ ಬದಲಾಯ್ಸಿದಾರೆ. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೇಲಿ ಕಿಡ್ನಿ ಆರೋಗ್ಯದ ಬಗ್ಗೆ ಮೊದಲನೇ ಸಲ ನಿರ್ಣಯನೂ ಪಾಸ್ ಆಗಿದೆ. ಡಯಾಲಿಸಿಸ್‌ಗೆ 2016ರಿಂದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಇದೆ, ಬಡವರಿಗೆ ಉಚಿತ, ಅದು ಜೀವ ಉಳಿಸ್ತಿದೆ. ಒಬ್ಬರ ಒಂದು ವರ್ಷದ ಡಯಾಲಿಸಿಸ್‌ಗೆ ಸರ್ಕಾರ ಹಾಕೋ ದುಡ್ಡಲ್ಲಿ ಒಂದಿಡೀ ಊರಿನ ಬಿಪಿ ಇರೋರಿಗೆಲ್ಲಾ ಈ ಟೆಸ್ಟ್ ಮಾಡ್ಸಬಹುದು ಅಂತ ರೇಟ್ ಗೊತ್ತಿರೋ ನನಗೆ ಅನ್ಸತ್ತೆ. ಜಿಲ್ಲಾ ಆರೋಗ್ಯಾಧಿಕಾರಿಗಳು, ನಮ್ಮ ಶಾಸಕರು ಇದನ್ನ ಓದಿದ್ರೆ ದಯವಿಟ್ಟು ಒಂದು ತಾಲೂಕಲ್ಲಾದ್ರೂ ಶುರು ಮಾಡಿ ನೋಡಿ.

ಡಾಕ್ಟ್ರುಗಳಿಗೆ ಬುದ್ಧಿ ಹೇಳೋಷ್ಟು ದೊಡ್ಡೋನಲ್ಲ ನಾನು. ಒಪಿಡಿಲಿ ನೂರು ನೂರೈವತ್ತು ಜನ ಸಾಲಲ್ಲಿ ನಿಂತಿದ್ರೆ ಒಬ್ಬೊಬ್ರಿಗೆ ಎರಡು ನಿಮಿಷ ಸಿಗೋದೇ ಕಷ್ಟ ಅಂತ ಗೊತ್ತು. ಅದಕ್ಕೇ ಪೇಶೆಂಟುಗಳೇ ಕೇಳ್ಬೇಕು. "ಸಾರ್, ನಂಗೆ ಬಿಪಿ ಇದೆ, ಕಿಡ್ನಿಗೆ ಯೂರಿನ್ ಎಸಿಆರ್ರು, ಕ್ರಿಯಾಟಿನಿನ್ನು ಈ ವರ್ಷ ಮಾಡ್ಸಿಲ್ಲ, ಬರ್ಕೊಡ್ತೀರಾ" ಅಂತ ಕೇಳಿದ್ರೆ ಬೇಡ ಅನ್ನೋ ಡಾಕ್ಟರನ್ನ ನಾನು ನೋಡಿಲ್ಲ. ಓದು ಬರಹ ಬರದ ಅಪ್ಪ ಅಮ್ಮ ಇದ್ರೆ ಮಕ್ಕಳು ಒಂದು ಚೀಟೀಲಿ ಬರೆದು ಜೇಬಿಗೆ ಹಾಕಿ ಕಳಿಸಿ.

ಟೆಸ್ಟಿಗೆ ಬರೋರಿಗೆ ಕೊನೇದಾಗಿ, ಯಾಕಂದ್ರೆ ಇದನ್ನೇ ಜನ ಕೌಂಟರ್ ಹತ್ರ ಬಂದು ಕೇಳೋದು. ಎಸಿಆರ್‌ಗೆ ಖಾಲಿ ಹೊಟ್ಟೆ ಬೇಕಾಗಿಲ್ಲ. ಬೆಳಗ್ಗೆ ಎದ್ದ ತಕ್ಷಣದ ಮೊದಲ ಮೂತ್ರ ಆದ್ರೆ ಬಹಳ ಒಳ್ಳೇದು, ಹಿಂದಿನ ದಿನವೇ ಲ್ಯಾಬಿಂದ ಡಬ್ಬಿ ತಗೊಂಡು ಹೋಗಿ, ಮನೇಲಿರೋ ಔಷಧಿ ಬಾಟ್ಲಿ ತೊಳೆದು ತರ್ಬೇಡಿ. ಶುರುವಿನ ಸ್ವಲ್ಪ ಬಿಟ್ಟು ನಡುವಿನದ್ದು ಹಿಡೀರಿ, ಅರ್ಧ ಡಬ್ಬಿ ಸಾಕು, ಮುಚ್ಚಳ ಗಟ್ಟಿ ಹಾಕಿ ಒಂದೆರಡು ಗಂಟೆ ಒಳಗೆ ತಂದುಕೊಡಿ. ಬಿಪಿ ಮಾತ್ರೆ ಅವತ್ತೂ ಎಂದಿನ ಹಂಗೇ ತಗೊಳ್ಳಿ, ಟೆಸ್ಟ್ ಇದೆ ಅಂತ ನಿಲ್ಸೋದು ಬೇಡ. ರಿಪೋರ್ಟ್ ಬಂದ್ಮೇಲೆ ಹಳೇ ವರ್ಷದ ರಿಪೋರ್ಟ್ ಜೊತೆ ಒಂದೇ ಫೈಲಲ್ಲಿಟ್ಟು ಡಾಕ್ಟರಿಗೆ ತೋರ್ಸಿ, ಒಂದು ನಂಬರಿಗಿಂತ ವರ್ಷದಿಂದ ವರ್ಷಕ್ಕೆ ಅದು ಯಾವ ಕಡೆ ಹೋಗ್ತಿದೆ ಅನ್ನೋದು ಅವರಿಗೆ ಹೆಚ್ಚು ಉಪಯೋಗಕ್ಕೆ ಬರತ್ತೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಲ್ಯಾಬ್ ಟೆಕ್ನಿಷಿಯನ್,
ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ